ಹಾಡುಹಕ್ಕಿಗಳ ಗಾಯನದ ಅಧ್ಯಯನ

ಹಾಡುಹಕ್ಕಿಗಳ ಗಾಯನದ ಅಧ್ಯಯನ ಎಂಬುದು ಹಕ್ಕಿಗಳು ಹೇಗೆ ಹಾಡುತ್ತವೆ, ಯಾರಿಂದ ಕಲಿಯುತ್ತವೆ, ಯಾವ ಉದ್ದೇಶಕ್ಕಾಗಿ ಹಾಡುತ್ತವೆ ಎಂಬುದನ್ನು ಪರಿಶೀಲಿಸುವ ವಿಜ್ಞಾನದ ಒಂದು ಶಾಖೆ. ಪಕ್ಷಿಶಾಸ್ತ್ರ, ಪ್ರಾಣಿಗಳ ವರ್ತನೆಯ ಅಧ್ಯಯನ, ನರವಿಜ್ಞಾನ ಮತ್ತು ಧ್ವನಿವಿಜ್ಞಾನ ಇಲ್ಲಿ ಒಂದುಗೂಡುತ್ತವೆ. ಹಾಡುಹಕ್ಕಿಯ ಹಾಡು ಹುಟ್ಟಿನಿಂದಲೇ ಪೂರ್ಣವಾಗಿ ಬರುವುದಿಲ್ಲ, ಮರಿ ಅದನ್ನು ಹಿರಿಯ ಹಕ್ಕಿಗಳಿಂದ ಕೇಳಿ ಕಲಿಯುತ್ತದೆ ಎಂಬುದು ಈ ಶಾಖೆಯ ಬಹುಮುಖ್ಯ ಶೋಧ. ಮನುಷ್ಯನ ಮಗು ಮಾತು ಕಲಿಯುವ ಕ್ರಮಕ್ಕೆ ಇದು ಹತ್ತಿರವಾದ್ದರಿಂದ ಭಾಷಾವಿಜ್ಞಾನಿಗಳೂ ವೈದ್ಯವಿಜ್ಞಾನಿಗಳೂ ಇದರಲ್ಲಿ ಆಸಕ್ತಿ ತಳೆದಿದ್ದಾರೆ. ಕಲಿತು ಬರುವ ವಿದ್ಯೆಗೆ ಕಲಿಸುವವರು ಬೇಕು. ಆದ್ದರಿಂದ ಹಕ್ಕಿಗಳ ಸಂಖ್ಯೆ ಕುಗ್ಗಿದಾಗ ಅವುಗಳ ಹಾಡೂ ಅಳಿಯುವ ಅಪಾಯವಿದೆ ಎಂಬುದು ಇತ್ತೀಚಿನ ಸಂಶೋಧನೆಗಳಿಂದ ತಿಳಿದುಬಂದಿದೆ.

ಹಾಡುಹಕ್ಕಿ ಯಾವುದು?

ಲೋಕರೂಢಿಯಲ್ಲಿ ಇಂಪಾಗಿ ಉಲಿಯುವ ಹಕ್ಕಿಯೆಲ್ಲ ಹಾಡುಹಕ್ಕಿಯೇ. ವಿಜ್ಞಾನದಲ್ಲಿ ಈ ಪದಕ್ಕೆ ನಿರ್ದಿಷ್ಟ ಅರ್ಥವಿದೆ. ಕೊಂಬೆಯನ್ನು ಹಿಡಿದು ಕೂರಲು ಅನುಕೂಲವಾದ ಕಾಲ್ಬೆರಳುಗಳುಳ್ಳ ಪ್ಯಾಸೆರಿಫಾರ್ಮಿಸ್ ಗಣದಲ್ಲಿ ಆಸೈನ್ ಎಂದು ಕರೆಯಲಾಗುವ ಒಂದು ದೊಡ್ಡ ಗುಂಪಿದೆ. ಈ ಗುಂಪಿನ ಹಕ್ಕಿಗಳೇ ಹಾಡುಹಕ್ಕಿಗಳು. ಜಗತ್ತಿನ ಸುಮಾರು 10,000 ಹಕ್ಕಿ ಪ್ರಭೇದಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಗುಂಪಿಗೆ ಸೇರಿವೆ. ಮಡಿವಾಳ, ಪಿಕಳಾರ, ಕಾಜಾಣ, ಗೊರವಂಕ, ಸೂರಕ್ಕಿ, ಗೀಜಗ, ಟುವ್ವಿ, ಹರಟೆಮಲ್ಲ ಇವೆಲ್ಲ ಹಾಡುಹಕ್ಕಿಗಳು.

ಈ ವಿಂಗಡಣೆ ಕನ್ನಡದ ಓದುಗರಿಗೆ ಎರಡು ಅಚ್ಚರಿಗಳನ್ನು ಒಡ್ಡುತ್ತದೆ. ಕವಿಸಮಯದಲ್ಲಿ ಗಾಯಕರ ಅರಸನಾದ ಕೋಗಿಲೆ ಈ ಗುಂಪಿಗೆ ಸೇರುವುದಿಲ್ಲ. ಕರ್ಕಶಕಂಠದ ಕಾಗೆ ಸೇರುತ್ತದೆ. ಕೋಗಿಲೆ ತನ್ನ ಮೊಟ್ಟೆಯನ್ನು ಕಾಗೆಯ ಗೂಡಿನಲ್ಲಿ ಇಡುತ್ತದೆ. ಅಲ್ಲಿ ಬೆಳೆದ ಮರಿಯ ಕಿವಿಗೆ ಹಗಲೆಲ್ಲ ಬೀಳುವುದು ಕಾಗೆಯ ದನಿಯೇ. ಆದರೂ ಅದು ಬಲಿತು ಕೂಗುವಾಗ ಕೋಗಿಲೆಯಂತೆಯೇ ಕೂಗುತ್ತದೆ. ಕೋಗಿಲೆ ಜಾತಿಯ ಹಕ್ಕಿಗಳಲ್ಲಿ ಕೂಗು ಹುಟ್ಟಿನೊಂದಿಗೆ ಬಂದದ್ದು, ಪಾಠವನ್ನು ಬೇಡುವುದಿಲ್ಲ. ಕಾಗೆಯಾದರೋ ದನಿಯನ್ನು ಕಲಿಯಬಲ್ಲ ಹಕ್ಕಿ. ಸಾಕಿದ ಕಾಗೆಗಳು ಇತರ ಸದ್ದುಗಳನ್ನು ಅನುಕರಿಸುವುದುಂಟು. ಜೋಡಿಯೊಡನೆ ಇರುವಾಗ ಅವು ಮೆಲುದನಿಯಲ್ಲಿ ಗುನುಗುವುದೂ ಉಂಟು. ಹಾಡುಹಕ್ಕಿ ಎಂಬ ಹೆಸರು ಇಂಪನ್ನು ಆಧರಿಸಿದ್ದಲ್ಲ, ಅಂಗರಚನೆಯನ್ನೂ ವಂಶವನ್ನೂ ಆಧರಿಸಿದ್ದು.

ಚಳಿಗಾಲದಲ್ಲಿ ದಕ್ಷಿಣ ಭಾರತಕ್ಕೆ ವಲಸೆ ಬರುವ ನವರಂಗ ಪ್ಯಾಸೆರಿಫಾರ್ಮಿಸ್ ಗಣಕ್ಕೆ ಸೇರಿದ್ದರೂ ಹಾಡುಹಕ್ಕಿಗಳ ಗುಂಪಿನಿಂದ ಹೊರಗಿದೆ. ಗಿಳಿ ಈ ಗಣಕ್ಕೇ ಸೇರದಿದ್ದರೂ ದನಿ ಕಲಿಯಬಲ್ಲದು. ಹಕ್ಕಿಗಳ ಪೈಕಿ ದನಿಯನ್ನು ಕಲಿಯುವ ಶಕ್ತಿ ಖಚಿತವಾಗಿ ಕಂಡುಬಂದಿರುವುದು ಹಾಡುಹಕ್ಕಿ, ಗಿಳಿ ಮತ್ತು ಅಮೆರಿಕ ಖಂಡಗಳ ಹಮ್ಮಿಂಗ್ ಬರ್ಡ್ ಈ ಮೂರು ಗುಂಪುಗಳಲ್ಲಿ.

ಹಾಡು ಮತ್ತು ಕರೆ

ಹಕ್ಕಿಯ ದನಿಗಳನ್ನು ವಿಜ್ಞಾನಿಗಳು ಹಾಡು ಮತ್ತು ಕರೆ ಎಂದು ಎರಡಾಗಿ ವಿಂಗಡಿಸುತ್ತಾರೆ. ಹಾಡು ಸಾಮಾನ್ಯವಾಗಿ ದೀರ್ಘ, ಹಲವು ಸ್ವರಗಳ ಜೋಡಣೆಯಿಂದ ಆದದ್ದು, ಹೆಚ್ಚಾಗಿ ಸಂತಾನೋತ್ಪತ್ತಿಯ ಋತುವಿನಲ್ಲಿ ಕೇಳಿಬರುವಂಥದು. ಕರೆ ಚಿಕ್ಕದು, ವರ್ಷವಿಡೀ ಕೇಳುವಂಥದು: ಅಪಾಯದ ಎಚ್ಚರಿಕೆ, ಗುಂಪು ಚದುರದಂತೆ ಕೂಡಿಸುವ ದನಿ, ಮರಿ ಆಹಾರಕ್ಕಾಗಿ ಮೊರೆಯಿಡುವ ದನಿ ಇತ್ಯಾದಿ. ಈ ಗೆರೆ ಎಲ್ಲ ಹಕ್ಕಿಗಳಲ್ಲೂ ಸ್ಪಷ್ಟವಾಗಿಲ್ಲ. ಹರಟೆಮಲ್ಲಗಳು ಗುಂಪಾಗಿ ಬಾಳುವ ಹಕ್ಕಿಗಳು. ಅವುಗಳ ನಿರಂತರ ಗದ್ದಲದಲ್ಲಿ ಬೇರೆ ಬೇರೆ ಸಂದರ್ಭಗಳಿಗೆ ಬೇರೆ ಬೇರೆ ದನಿಗಳಿವೆ ಎಂಬುದನ್ನು ಮೊಹಾಲಿಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಮಂಜರಿ ಜೈನ್ ಅವರ ತಂಡ ವಿವರವಾಗಿ ದಾಖಲಿಸಿದೆ. ಕನ್ನಡದಲ್ಲಿ ಈ ಹಕ್ಕಿಗೆ ಇಟ್ಟಿರುವ ಹೆಸರು ಅರ್ಥಪೂರ್ಣವಾದರೂ ಆ ಹರಟೆ ಬರಿಯ ಹರಟೆಯಲ್ಲ.

ಆರಂಭದ ಅಧ್ಯಯನಗಳು

ಮರಿಗಳು ಹಾಡನ್ನು ಕಲಿಯುತ್ತವೆ ಎಂಬ ಊಹೆ ಹಳೆಯದು. ಹೆತ್ತವರಿಂದ ದೂರವಾಗಿ ಬೆಳೆದ ಮರಿಗಳ ಹಾಡು ಹೆತ್ತವರ ಹಾಡಿನಂತೆ ಇರುವುದಿಲ್ಲವೆಂದು ಗ್ರೀಸಿನ ಅರಿಸ್ಟಾಟಲ್ ಬರೆದಿದ್ದಾನೆ. 1773ರಲ್ಲಿ ಇಂಗ್ಲೆಂಡಿನ ಡೇನ್ಸ್ ಬ್ಯಾರಿಂಗ್ಟನ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ಆತ ಲಿನೆಟ್ ಎಂಬ ಹಕ್ಕಿಯ ಮರಿಗಳನ್ನು ಗೂಡಿನಿಂದ ತಂದು ನೆಲಗುಬ್ಬಿ ಜಾತಿಯ ಹಕ್ಕಿಗಳೊಡನೆ ಬೆಳೆಸಿದಾಗ ಅವು ತಮ್ಮ ಕುಲದ ಹಾಡನ್ನು ಬಿಟ್ಟು ಸಾಕುತಂದೆಯ ಹಾಡನ್ನೇ ಹಾಡಿದವು. ಚಾರ್ಲ್ಸ್ ಡಾರ್ವಿನ್ 1871ರಲ್ಲಿ ಪ್ರಕಟಿಸಿದ ಮಾನವನ ಉಗಮವನ್ನು ಕುರಿತ ಗ್ರಂಥದಲ್ಲಿ ಈ ಪ್ರಯೋಗವನ್ನು ಸ್ಮರಿಸಿ, ಮರಿಹಕ್ಕಿಯ ಮೊದಲ ಅಸ್ಪಷ್ಟ ಹಾಡನ್ನು ಮಗುವಿನ ತೊದಲುನುಡಿಗೆ ಹೋಲಿಸಿದ.

ಈ ಅಧ್ಯಯನಕ್ಕೆ ಬಹುಕಾಲ ಇದ್ದ ದೊಡ್ಡ ತೊಡಕೆಂದರೆ ಹಾಡನ್ನು ಹಿಡಿದಿಡಲು ಸಾಧನವಿಲ್ಲದಿದ್ದುದು. ಕೇಳಿದ್ದನ್ನು ಅಕ್ಷರಗಳಲ್ಲಿ ಅಥವಾ ಸಂಗೀತದ ಸ್ವರಲಿಪಿಯಲ್ಲಿ ಬರೆದುಕೊಳ್ಳಬೇಕಾಗಿತ್ತು. ಒಬ್ಬರ ಬರಹ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ಇಂದು ಉಳಿದಿರುವ ಧ್ವನಿಮುದ್ರಣಗಳ ಪೈಕಿ ಅತ್ಯಂತ ಹಳೆಯ ಹಕ್ಕಿಹಾಡು 1889ರದು. ಜರ್ಮನಿಯಲ್ಲಿ ಲುಡ್ವಿಗ್ ಕಾಕ್ ಎಂಬ ಬಾಲಕ ಎಡಿಸನ್ ಯಂತ್ರದ ಮೇಣದ ಉರುಳೆಯಲ್ಲಿ ಅದನ್ನು ಮುದ್ರಿಸಿಕೊಂಡ. ಆ ಹಾಡು ಪಂಜರದಲ್ಲಿದ್ದ ಶಾಮ ಹಕ್ಕಿಯದು. ಮಡಿವಾಳದ ಹತ್ತಿರದ ಬಂಧುವಾದ ಶಾಮ ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಇರುವ ಹಕ್ಕಿ. ಧ್ವನಿಮುದ್ರಣದ ಇತಿಹಾಸ ನಮ್ಮ ಭಾಗದ ಗಾಯಕನೊಬ್ಬನಿಂದ ಆರಂಭವಾಯಿತು ಎನ್ನಬಹುದು.

ಧ್ವನಿಚಿತ್ರ ಮತ್ತು ಕಲಿಕೆಯ ಪ್ರಯೋಗಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಧ್ವನಿಯನ್ನು ಕಾಗದದ ಮೇಲೆ ಚಿತ್ರವಾಗಿ ಮೂಡಿಸುವ ಯಂತ್ರ ಸಿದ್ಧವಾಯಿತು. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಶ್ರುತಿಯ ಎತ್ತರ, ಗೆರೆಯ ಕಪ್ಪಿನಲ್ಲಿ ಧ್ವನಿಯ ಬಲ ಹೀಗೆ ಆ ಚಿತ್ರವನ್ನು ಓದಬೇಕು. ಇದು ಹಕ್ಕಿಹಾಡಿನ ಅಧ್ಯಯನದ ದಿಕ್ಕನ್ನೇ ಬದಲಿಸಿತು. ಎರಡು ಹಾಡುಗಳು ಒಂದೇ ಬಗೆಯವೋ ಅಲ್ಲವೋ ಎಂಬುದನ್ನು ಈಗ ಕಣ್ಣಿನಿಂದ ನೋಡಿ ಅಳೆಯಬಹುದಾಯಿತು.

ಕೇಂಬ್ರಿಜ್ ವಿಶ್ವವಿದ್ಯಾಲಯದ ಡಬ್ಲ್ಯು. ಎಚ್. ಥಾರ್ಪ್ 1950ರ ದಶಕದಲ್ಲಿ ಈ ಯಂತ್ರವನ್ನು ಬಳಸಿ ಚಾಫಿಂಚ್ ಎಂಬ ಹಕ್ಕಿಯ ಮೇಲೆ ಪ್ರಯೋಗ ನಡೆಸಿದರು. ಹಿರಿಯ ಹಕ್ಕಿಯ ಹಾಡು ಕಿವಿಗೆ ಬೀಳದಂತೆ ಒಂಟಿಯಾಗಿ ಬೆಳೆಸಿದ ಮರಿಗಳು ದೊಡ್ಡವಾದ ಮೇಲೆ ಹಾಡಿದವು. ಆದರೆ ಆ ಹಾಡು ಬಡವಾಗಿತ್ತು. ಉದ್ದ ಮತ್ತು ಸ್ಥೂಲರೂಪ ಸರಿಯಾಗಿದ್ದರೂ ಒಳಗಿನ ವಿವರ, ಕೊನೆಯ ಅಲಂಕಾರ ಇರಲಿಲ್ಲ. ಹುಟ್ಟಿನಿಂದ ಬರುವುದು ಎಷ್ಟು, ಕಲಿತು ಬರುವುದು ಎಷ್ಟು ಎಂಬುದನ್ನು ಬೇರ್ಪಡಿಸಿ ತೋರಿಸಿದ ಮೊದಲ ಪ್ರಯೋಗಗಳಲ್ಲಿ ಇದೂ ಒಂದು.

ಥಾರ್ಪ್ ಅವರ ಶಿಷ್ಯರಾದ ಪೀಟರ್ ಮಾರ್ಲರ್ ಅಮೆರಿಕಕ್ಕೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಬಿಳಿಕಿರೀಟದ ಗುಬ್ಬಿಗಳನ್ನು ಅಧ್ಯಯನ ಮಾಡಿದರು. ಕೆಲವೇ ಮೈಲಿ ಅಂತರದ ಊರುಗಳಲ್ಲಿ ಈ ಗುಬ್ಬಿಯ ಹಾಡು ಬೇರೆ ಬೇರೆಯಾಗಿತ್ತು. ತುಮಕೂರು ಸೀಮೆಯ ಕನ್ನಡಕ್ಕೂ ಧಾರವಾಡದ ಕನ್ನಡಕ್ಕೂ ವ್ಯತ್ಯಾಸವಿರುವಂತೆ ಹಕ್ಕಿಗಳಲ್ಲೂ ಪ್ರಾಂತ್ಯಭೇದವುಂಟು ಎಂಬುದು ಇದರಿಂದ ಸ್ಥಿರಪಟ್ಟಿತು. ಮಾರ್ಲರ್ ಮತ್ತು ಮಿವಾಕೊ ತಮುರಾ 1964ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ ಈ ಭೇದಗಳು ರಕ್ತದಿಂದ ಬಂದವಲ್ಲ, ಕಲಿಕೆಯಿಂದ ಬಂದವು. ಮರಿ ಹುಟ್ಟಿದ ಸುಮಾರು 10ರಿಂದ 50 ದಿನಗಳ ನಡುವೆ ಕೇಳಿದ ಹಾಡು ಅದರ ನೆನಪಿನಲ್ಲಿ ನಿಲ್ಲುತ್ತದೆ. ಅದನ್ನು ಹಾಡಲು ತೊಡಗುವುದು ತಿಂಗಳುಗಳ ನಂತರ. ಮೊದಲು ಕೇಳ್ಮೆ, ಬಹಳ ತಡವಾಗಿ ಉಚ್ಚಾರ.

ನಡುವಿನ ಈ ಮೌನದ ಅವಧಿಯಲ್ಲಿ ಏನಾಗುತ್ತದೆ ಎಂಬುದಕ್ಕೆ ಜಪಾನಿನಲ್ಲಿ ಹುಟ್ಟಿದ ಮಸಕಾಜು ಕೊನಿಶಿ 1965ರಲ್ಲಿ ಉತ್ತರ ನೀಡಿದರು. ಹಾಡನ್ನು ಕೇಳಿ ಕಲಿತ, ಆದರೆ ಇನ್ನೂ ಹಾಡಲು ತೊಡಗದ ಗುಬ್ಬಿಯ ಕಿವಿ ಕೇಳಿಸದಂತೆ ಮಾಡಿದರೆ ಅದು ಸರಿಯಾದ ಹಾಡನ್ನು ಎಂದೂ ಹಾಡಲಾರದು. ಹಕ್ಕಿ ನೆನಪಿನಲ್ಲಿರುವ ಅಚ್ಚಿನೊಂದಿಗೆ ತನ್ನ ದನಿಯನ್ನು ಹೋಲಿಸಿ ತಿದ್ದಿಕೊಳ್ಳಬೇಕು. ಅದಕ್ಕೆ ತನ್ನ ದನಿ ತನಗೆ ಕೇಳಿಸಬೇಕು. ಶಾಲೆಯ ಮಗ್ಗಿಯಂತೆ ಇದು ಒಪ್ಪಿಸುತ್ತ ಒಪ್ಪಿಸುತ್ತ ಸರಿಯಾಗುವ ಪಾಠ.

2009ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಈ ವಿಷಯವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿತು. ಓಲ್ಗಾ ಫೆಹೆರ್, ಪಾರ್ಥ ಮಿತ್ರ, ಓಫರ್ ಚೆರ್ನಿಚೋವ್ಸ್ಕಿ ಮತ್ತು ಸಂಗಡಿಗರು ಒಂಟಿಯಾಗಿ ಬೆಳೆದು ಒರಟು ಹಾಡು ಹಾಡುತ್ತಿದ್ದ ಝೀಬ್ರಾ ಫಿಂಚ್ ಗಂಡಿನ ಬಳಿ ಮರಿಗಳನ್ನು ಕಲಿಯಲು ಬಿಟ್ಟರು. ಆ ಮರಿಗಳು ಗುರುವಿನ ಹಾಡನ್ನು ಅನುಕರಿಸಿದವು, ಆದರೆ ಸ್ವಲ್ಪ ತಿದ್ದಿದವು. ಅವುಗಳಿಂದ ಕಲಿತ ಮುಂದಿನ ಪೀಳಿಗೆ ಮತ್ತಷ್ಟು ತಿದ್ದಿತು. ಮೂರು ನಾಲ್ಕು ತಲೆಮಾರುಗಳಲ್ಲಿ ಹಾಡು ಕಾಡಿನ ಹಕ್ಕಿಯ ಹಾಡಿಗೆ ಹತ್ತಿರವಾಯಿತು. ಪರಂಪರೆ ಕಡಿದುಹೋದರೂ ಹಕ್ಕಿಯ ಒಳಗಿನ ಒಲವು ಅದನ್ನು ಮೆಲ್ಲನೆ ಮರಳಿ ಕಟ್ಟಬಲ್ಲದು ಎಂಬುದು ಪಂಜರದ ಈ ಫಲಿತಾಂಶ. ಕಾಡಿನಲ್ಲಿ ಹಕ್ಕಿಗೆ ಅಷ್ಟು ತಲೆಮಾರುಗಳ ಅವಕಾಶ ದೊರೆಯುವುದೇ ಎಂಬುದು ಬೇರೆಯದೇ ಪ್ರಶ್ನೆ.

ಧ್ವನಿಯ ಅಂಗ

ಮನುಷ್ಯನ ಧ್ವನಿಪೆಟ್ಟಿಗೆ ಶ್ವಾಸನಾಳದ ಮೇಲ್ತುದಿಯಲ್ಲಿದೆ. ಹಕ್ಕಿಯ ಧ್ವನಿಯ ಅಂಗವಾದ ಸಿರಿಂಕ್ಸ್ ಶ್ವಾಸನಾಳದ ತಳದಲ್ಲಿ, ಅದು ಎರಡು ಕವಲಾಗುವ ಸ್ಥಳದಲ್ಲಿದೆ. ಹಾಡುಹಕ್ಕಿಗಳಲ್ಲಿ ಇದರ ಎರಡೂ ಪಾರ್ಶ್ವಗಳಿಗೆ ಪ್ರತ್ಯೇಕ ಸ್ನಾಯುಗಳಿದ್ದು, ಪ್ರತಿಯೊಂದು ಪಾರ್ಶ್ವವೂ ಸ್ವತಂತ್ರವಾಗಿ ಧ್ವನಿ ಹೊರಡಿಸಬಲ್ಲದು. ಹೀಗಾಗಿ ಒಂದೇ ಹಕ್ಕಿ ಏಕಕಾಲಕ್ಕೆ ಎರಡು ಸ್ವರಗಳನ್ನು ಹಾಡುವುದು ಸಾಧ್ಯ. ಅಮೆರಿಕದ ಕಾರ್ಡಿನಲ್ ಹಕ್ಕಿ ಮೇಲಿನ ಸ್ವರಗಳನ್ನು ಬಲಪಾರ್ಶ್ವದಿಂದಲೂ ಕೆಳಗಿನ ಸ್ವರಗಳನ್ನು ಎಡಪಾರ್ಶ್ವದಿಂದಲೂ ಹೊರಡಿಸಿ, ನಡುವೆ ಬಿರುಕು ಕೇಳಿಸದಂತೆ ಜಾರಿಸುತ್ತದೆ. ಕ್ಯಾನರಿ ಹಕ್ಕಿ ವೇಗದ ಸ್ವರಗಳ ನಡುವಿನ ಕ್ಷಣಾರ್ಧದಲ್ಲಿ ಕಿರು ಉಸಿರನ್ನು ಎಳೆದುಕೊಳ್ಳುತ್ತದೆ. ಗಾಯಕರು ವರ್ಷಗಟ್ಟಲೆ ಸಾಧಿಸುವ ಶ್ವಾಸನಿಯಂತ್ರಣ ಕೆಲವೇ ಗ್ರಾಂ ತೂಕದ ಈ ಜೀವಿಗೆ ಸಹಜ.

ಮಿದುಳು

ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಫರ್ನಾಂಡೊ ನಾಟ್ಟೆಬೋಮ್ ಮತ್ತು ಸಹೋದ್ಯೋಗಿಗಳು 1976ರಲ್ಲಿ ಕ್ಯಾನರಿಯ ಮಿದುಳಿನಲ್ಲಿ ಹಾಡನ್ನು ನಿಯಂತ್ರಿಸುವ ನರಕೇಂದ್ರಗಳನ್ನು ಗುರುತಿಸಿದರು. ಹಾಡುವ ಗಂಡಿನಲ್ಲಿ ಇವು ಹೆಣ್ಣಿನಲ್ಲಿ ಇರುವುದಕ್ಕಿಂತ ಬಹಳ ದೊಡ್ಡವು. ಮುಂದೆ, ಈ ಕೇಂದ್ರಗಳು ವಸಂತದಲ್ಲಿ ಹಿಗ್ಗಿ, ಹಾಡುಗಾರಿಕೆ ನಿಲ್ಲುವ ಕಾಲಕ್ಕೆ ಕುಗ್ಗುತ್ತವೆ ಎಂಬುದೂ ತಿಳಿಯಿತು. 1983ರಲ್ಲಿ ಸ್ಟೀವನ್ ಗೋಲ್ಡ್‌ಮನ್ ಮತ್ತು ನಾಟ್ಟೆಬೋಮ್ ಬೆಳೆದ ಕ್ಯಾನರಿಯ ಮಿದುಳಿನಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆಂದು ತೋರಿಸಿದರು. ಬೆಳೆದ ಪ್ರಾಣಿಯ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುವುದಿಲ್ಲ ಎಂಬ ನಂಬಿಕೆ ಆಗ ಬಲವಾಗಿತ್ತು. ಅದನ್ನು ಸಡಿಲಿಸಿದ ಕಾರ್ಯಗಳಲ್ಲಿ ಇದು ಪ್ರಮುಖವಾದುದು.

ಷಿಕಾಗೊ ವಿಶ್ವವಿದ್ಯಾಲಯದ ಅಮೀಶ್ ದವೆ ಮತ್ತು ಡೇನಿಯಲ್ ಮಾರ್ಗೊಲಿಯಾಶ್ 2000ದಲ್ಲಿ ಮತ್ತೊಂದು ಸಂಗತಿಯನ್ನು ವರದಿ ಮಾಡಿದರು. ಹಗಲು ಹಾಡುವಾಗ ಝೀಬ್ರಾ ಫಿಂಚ್‌ನ ನರಕೋಶಗಳು ಯಾವ ಕ್ರಮದಲ್ಲಿ ಮಿಡಿಯುತ್ತವೆಯೋ ಅದೇ ಕ್ರಮ ನಿದ್ರೆಯಲ್ಲೂ ಆಗಾಗ ಮರುಕಳಿಸುತ್ತದೆ. ನಿದ್ರೆಯಲ್ಲಿ ಪಾಠ ಗಟ್ಟಿಯಾಗುತ್ತದೆ ಎಂಬ ವಿಚಾರಕ್ಕೆ ಇದು ಬೆಂಬಲ ನೀಡಿತು. ಮನುಷ್ಯರಲ್ಲಿ ಮಾತಿನ ತೊಂದರೆಗೆ ಸಂಬಂಧಿಸಿದ ಫಾಕ್ಸ್‌ಪಿ2 ಎಂಬ ವಂಶವಾಹಿಯ ಕಾರ್ಯವನ್ನು 2007ರಲ್ಲಿ ಝೀಬ್ರಾ ಫಿಂಚ್ ಮರಿಗಳ ಮಿದುಳಿನ ಒಂದು ಭಾಗದಲ್ಲಿ ತಗ್ಗಿಸಿದಾಗ ಅವು ಗುರುವಿನ ಹಾಡನ್ನು ಅಪೂರ್ಣವಾಗಿ, ತಪ್ಪುತಪ್ಪಾಗಿ ಕಲಿತವು.

ಭಾರತದಲ್ಲಿ ಪುಣೆಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ರಾಘವ್ ರಾಜನ್ ಅವರ ಪ್ರಯೋಗಾಲಯ ಝೀಬ್ರಾ ಫಿಂಚ್‌ಗಳ ಹಾಡನ್ನು ಅಧ್ಯಯನ ಮಾಡುತ್ತದೆ. ಹರಿಯಾಣದ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ಸೌಮ್ಯಾ ಅಯ್ಯಂಗಾರ್ ಮತ್ತು ಸಂಗಡಿಗರು ಝೀಬ್ರಾ ಫಿಂಚ್ ಅಲ್ಲದೆ ಊರಕಾಗೆಯ ಮಿದುಳನ್ನೂ ಪರಿಶೀಲಿಸಿದ್ದಾರೆ. ಕಾಗೆಯನ್ನು ಹಾಡುಹಕ್ಕಿಗಳ ಸಾಲಿನಲ್ಲಿ ಕೂರಿಸಿದ್ದು ಕೇವಲ ಪುಸ್ತಕದ ವಿಂಗಡಣೆಯಲ್ಲ.

ಹಾಡಿನ ಉದ್ದೇಶ

ಹಾಡಿಗೆ ಎರಡು ಮುಖ್ಯ ಉಪಯೋಗಗಳನ್ನು ಗುರುತಿಸಲಾಗಿದೆ: ನೆಲೆಯ ಗಡಿ ಸಾರುವುದು, ಸಂಗಾತಿಯನ್ನು ಒಲಿಸುವುದು. 1970ರ ದಶಕದಲ್ಲಿ ಆಕ್ಸ್‌ಫರ್ಡಿನ ಜಾನ್ ಕ್ರೆಬ್ಸ್ ಒಂದು ಸರಳ ಪ್ರಯೋಗ ಮಾಡಿದರು. ಕಾಡಿನ ಒಂದು ಭಾಗದಿಂದ ಗ್ರೇಟ್ ಟಿಟ್ ಹಕ್ಕಿಗಳನ್ನು ಹಿಡಿದು ತೆಗೆದು, ಕೆಲವು ನೆಲೆಗಳಲ್ಲಿ ಅವುಗಳ ಹಾಡನ್ನು ಧ್ವನಿವರ್ಧಕದಲ್ಲಿ ಬಿತ್ತರಿಸಿದರು. ಹಾಡು ಕೇಳುತ್ತಿದ್ದ ನೆಲೆಗಳಿಗೆ ಹೊಸ ಹಕ್ಕಿಗಳು ತಡವಾಗಿ ನುಗ್ಗಿದವು. ಹಕ್ಕಿ ಇಲ್ಲದಿದ್ದರೂ ಹಾಡು ಬೇಲಿಯ ಕೆಲಸ ಮಾಡಿತು.

ಗಂಡು ಮಾತ್ರ ಹಾಡುತ್ತದೆ ಎಂಬ ಭಾವನೆ ಬಹುಕಾಲ ಪ್ರಚಲಿತವಾಗಿತ್ತು. ಆರಂಭದ ಅಧ್ಯಯನಗಳೆಲ್ಲ ಯೂರೋಪು ಮತ್ತು ಉತ್ತರ ಅಮೆರಿಕದ ಶೀತಪ್ರದೇಶದಲ್ಲಿ ನಡೆದದ್ದು ಇದಕ್ಕೆ ಮುಖ್ಯ ಕಾರಣ. 2014ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯಲ್ಲಿ ಪರಿಶೀಲಿಸಿದ ಹಾಡುಹಕ್ಕಿ ಪ್ರಭೇದಗಳ 71 ಶೇಕಡದಲ್ಲಿ ಹೆಣ್ಣೂ ಹಾಡುವುದು ಕಂಡುಬಂತು. ಹಾಡುಹಕ್ಕಿಗಳ ಮೂಲವಂಶದಲ್ಲಿ ಗಂಡು ಹೆಣ್ಣು ಎರಡೂ ಹಾಡುತ್ತಿದ್ದಿರಬೇಕೆಂದು ಅದು ತೀರ್ಮಾನಿಸಿತು. ಮಡಿವಾಳ ಹಕ್ಕಿಯ ವಿಷಯದಲ್ಲಿ ಹರಿದ್ವಾರದ ಗುರುಕುಲ ಕಾಂಗಡಿ ವಿಶ್ವವಿದ್ಯಾಲಯದ ಅನಿಲ್ ಕುಮಾರ್ ಮತ್ತು ದಿನೇಶ್ ಭಟ್ ಹೆಣ್ಣಿನ ಹಾಡನ್ನು ದಾಖಲಿಸಿ ಅದರ ಸ್ವರೂಪವನ್ನೂ ಮಹತ್ತ್ವವನ್ನೂ ವಿವರಿಸಿದ್ದಾರೆ. ಮಡಿವಾಳ ಹಾಡಿನ ಕುರಿತು ಇವರ ತಂಡದ ಒಂದು ಪ್ರಬಂಧ 2000ದಲ್ಲಿ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ತೆಂಗಿನ ಸೀಮೆಯ ಹಾಡುಹಕ್ಕಿಗಳು

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳು, ಅವುಗಳ ಅಂಚಿನ ಬೇಲಿ, ಹುಣಸೆ, ಮಾವು, ಕೆರೆಯ ಏರಿ ಇವು ಹಾಡುಹಕ್ಕಿಗಳನ್ನು ಗಮನಿಸಲು ಅನುಕೂಲವಾದ ನೆಲೆ. ತುರುವೇಕೆರೆ ತಾಲ್ಲೂಕಿನ ದಂಡಿನಶಿವರದಂಥ ಊರಿನಲ್ಲಿ ಬೆಳಗಿನ ಜಾವ ಕಿವಿಗೊಟ್ಟವರಿಗೆ ಮೇಲಿನ ಪ್ರಕರಣಗಳಲ್ಲಿ ಹೇಳಿದ ಹಲವು ಸಂಗತಿಗಳು ಪ್ರತ್ಯಕ್ಷವಾಗುತ್ತವೆ. ಮೊದಲು ಬೇರ್ಪಡಿಸಬೇಕಾದದ್ದು ಹಾಡುಹಕ್ಕಿಗಳಲ್ಲದ ದನಿಗಳನ್ನು. ಕೋಗಿಲೆ, ಕೆಂಬೂತ, ಕುಟುರ, ನವಿಲು ಇವುಗಳ ಕೂಗು ತೋಟವನ್ನೆಲ್ಲ ತುಂಬುತ್ತದೆಯಾದರೂ ಇವು ಯಾವುವೂ ಹಾಡುಹಕ್ಕಿಗಳಲ್ಲ.

ಕಾಜಾಣ ನಸುಕಿಗೆ ಮುಂಚೆಯೇ ದನಿಯೆತ್ತುವ ಹಕ್ಕಿ. ತನ್ನ ದನಿಯಲ್ಲದೆ ಶಿಕ್ರ ಎಂಬ ಬೇಟೆಹಕ್ಕಿಯ ಕೂಗನ್ನೂ ಅದು ಅನುಕರಿಸುತ್ತದೆ. ಆ ಕೂಗಿಗೆ ಬೆದರಿ ಗೊರವಂಕಗಳು ಬಿಟ್ಟೋಡಿದ ಹುಳುವನ್ನು ಕಾಜಾಣ ಕಸಿದು ತಿನ್ನುವುದು ವರದಿಯಾಗಿದೆ. ಮಡಿವಾಳ ಬೇಸಗೆಯಿಂದ ಮುಂಗಾರಿನವರೆಗೆ ಎತ್ತರದ ಕೊಂಬೆಯಲ್ಲಿ ಕುಳಿತು ಬಗೆಬಗೆಯಾಗಿ ಹಾಡುತ್ತದೆ. ಮರದ ಪೊಟರೆಯಲ್ಲಿ ಗೂಡು ಮಾಡುವುದರಿಂದ ತೋಟದಲ್ಲಿ ಉಳಿದಿರುವ ಒಣಗಿದ, ಟೊಳ್ಳಾದ ಮರಗಳು ಅದಕ್ಕೆ ಅಗತ್ಯ. ಋತು ಕಳೆದ ಮೇಲೆ ಅದರ ಹಾಡು ನಿಂತು, ಒರಟಾದ ಕರೆಯಷ್ಟೇ ಉಳಿಯುತ್ತದೆ. ಗೀಜಗದ ಗಂಡುಗಳು ಮಳೆಗಾಲದಲ್ಲಿ ಈಚಲು ಮತ್ತು ತೆಂಗಿನ ಗರಿಗಳಿಗೆ ಅರ್ಧ ನೇಯ್ದ ಗೂಡನ್ನು ತೂಗುಬಿಟ್ಟು, ಹೆಣ್ಣು ಪರೀಕ್ಷಿಸಲು ಬಂದಾಗ ಒಟ್ಟಾಗಿ ರೆಕ್ಕೆ ಬಡಿದು ಚಿಲಿಪಿಲಿಗುಟ್ಟುತ್ತವೆ. ಗೀಜಗದ ಈ ಸಂಸಾರಕ್ರಮವನ್ನು ಮೊದಲು ಸ್ಪಷ್ಟವಾಗಿ ಬಿಡಿಸಿದವರು ಸಾಲಿಂ ಅಲಿ. ಅವರು 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ನಡೆಸಿದರು. ಅಂಗೈಯಲ್ಲಿ ಅಡಗುವಷ್ಟು ಪುಟ್ಟದಾದ ಟುವ್ವಿಯ ಹೆಸರು ಅದರ ದನಿಯಿಂದಲೇ ಬಂದದ್ದು.

ಚಳಿಗಾಲದಲ್ಲಿ ತೋಟದ ಮಾವು ಹುಣಸೆಗಳ ಎಲೆಮರೆಯಲ್ಲಿ ಒಂದೇ ಸಮನೆ ಚುಟುಕಾಗಿ ಕರೆಯುವ ಗ್ರೀನಿಷ್ ವಾರ್ಬ್ಲರ್ ಎಂಬ ಉಲಿಯಕ್ಕಿ ವಿಜ್ಞಾನದಲ್ಲಿ ಬಹಳ ಪ್ರಸಿದ್ಧವಾದುದು. ಇಲ್ಲಿ ಅದು ಹಾಡುವುದು ಅಪರೂಪ. ಕರೆಯಿಂದಲೇ ತನ್ನ ಆಹಾರದ ನೆಲೆಯನ್ನು ಕಾಯುತ್ತದೆ. ದಕ್ಷಿಣ ಭಾರತದಲ್ಲಿ ಟ್ರೆವರ್ ಪ್ರೈಸ್ ಮತ್ತು ಮಧುಸೂದನ ಕಟ್ಟಿ ಈ ಜಾತಿಯ ವಲಸೆಹಕ್ಕಿಗಳ ಚಳಿಗಾಲದ ಬದುಕನ್ನು ಅಧ್ಯಯನ ಮಾಡಿದ್ದಾರೆ. ಬೇಸಗೆಗೆ ಅದು ಹಿಮಾಲಯ, ಮಧ್ಯ ಏಷ್ಯಾ ಮತ್ತು ಸೈಬೀರಿಯಗಳಿಗೆ ಮರಳಿ ಅಲ್ಲಿ ಹಾಡುತ್ತದೆ. ಟಿಬೆಟ್ ಪ್ರಸ್ಥಭೂಮಿಯನ್ನು ಉಂಗುರದಂತೆ ಸುತ್ತುವರಿದ ಅದರ ನೆಲೆಗಳಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋದಂತೆ ಹಾಡು ಸ್ವಲ್ಪಸ್ವಲ್ಪವಾಗಿ ಬದಲಾಗುತ್ತ, ಉದ್ದವೂ ಜಟಿಲವೂ ಆಗುತ್ತದೆ. ಪೂರ್ವ ಮತ್ತು ಪಶ್ಚಿಮದ ಸಾಲುಗಳು ಸೈಬೀರಿಯದಲ್ಲಿ ಸಂಧಿಸುವಷ್ಟರಲ್ಲಿ ಒಂದರ ಹಾಡನ್ನು ಇನ್ನೊಂದು ತನ್ನದೆಂದು ಗುರುತಿಸುವುದಿಲ್ಲ ಎಂದು ಡ್ಯಾರೆನ್ ಇರ್ವಿನ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ಒಂದು ಪ್ರಭೇದ ಎರಡಾಗುವ ಕ್ರಿಯೆ ಕಣ್ಣೆದುರು ನಡೆಯುತ್ತಿರುವುದಕ್ಕೆ ಇದನ್ನು ಉದಾಹರಿಸುತ್ತಾರೆ. ಆ ಉಂಗುರ ಎಲ್ಲ ಕಾಲದಲ್ಲೂ ಅಖಂಡವಾಗಿರಲಿಲ್ಲ ಎಂಬುದನ್ನು 2014ರ ವಂಶವಾಹಿ ಅಧ್ಯಯನ ಸೂಚಿಸಿದೆ.

ಕರ್ನಾಟಕ ಮತ್ತು ಪಶ್ಚಿಮ ಘಟ್ಟದ ಸಂಶೋಧನೆಗಳು

ಬಯಲುಸೀಮೆಯ ಕಾಜಾಣದ ಕಾಡುವಾಸಿ ಬಂಧು ಭೀಮರಾಜ. ಬಾಲದ ತುದಿಯಲ್ಲಿ ಎರಡು ಉದ್ದ ತಂತಿಗಳೂ ಅವುಗಳ ಕೊನೆಯಲ್ಲಿ ಗರಿಗಳೂ ಇರುವ ಈ ಹಕ್ಕಿ ಅನುಕರಣೆಯಲ್ಲಿ ನಿಸ್ಸೀಮ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸಮೀರಾ ಅಗ್ನಿಹೋತ್ರಿ ಇದನ್ನು ಹಲವು ವರ್ಷ ಅಧ್ಯಯನ ಮಾಡಿದರು. ಅನುಕರಣೆ ಮೂಲಕ್ಕೆ ಎಷ್ಟು ಹತ್ತಿರವಾಗಿದೆ ಎಂಬುದನ್ನು ಅಳೆಯುವುದು ಹೇಗೆ ಎಂಬುದು ಇಲ್ಲಿನ ಮೂಲಭೂತ ಪ್ರಶ್ನೆ. ಅಗ್ನಿಹೋತ್ರಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್, ಚಂದ್ರಶೇಖರ ಸೀಲಮಂತುಲ ಮೊದಲಾದವರೊಡನೆ 2014ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗಣಕಯಂತ್ರದ ಹಲವು ವಿಧಾನಗಳ ತೀರ್ಪನ್ನು ಮನುಷ್ಯರ ತೀರ್ಪಿನೊಂದಿಗೆ ಹೋಲಿಸಿ ನೋಡಿದರು. ಬೆಟ್ಟದ ಮೂಲನಿವಾಸಿಗಳಾದ ಸೋಲಿಗರ ಹಕ್ಕಿಜ್ಞಾನವನ್ನು ಅವರು ಭಾಷಾವಿಜ್ಞಾನಿ ಆಂಗ್ ಸಿ ಅವರೊಂದಿಗೆ ಸೇರಿ 2012ರಲ್ಲಿ ಪ್ರತ್ಯೇಕವಾಗಿ ದಾಖಲಿಸಿದ್ದಾರೆ. ಪ್ರಯೋಗಾಲಯದ ಯಂತ್ರ ಮತ್ತು ಕಾಡಿನಲ್ಲಿ ಬೆಳೆದವರ ಕಿವಿ ಎರಡಕ್ಕೂ ಈ ಅಧ್ಯಯನಗಳಲ್ಲಿ ಸ್ಥಾನ ದೊರೆತಿರುವುದು ಗಮನಾರ್ಹ.

ಭೀಮರಾಜ ಯಾಕಾಗಿ ಅನುಕರಿಸುತ್ತದೆ ಎಂಬುದರ ಬಗ್ಗೆ ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿ ಎಬೆನ್ ಗುಡೇಲ್ ಮತ್ತು ಸರತ್ ಕೊಟಗಮ ಕೆಲಸ ಮಾಡಿದರು. ಅಲ್ಲಿಯ ಕಾಜಾಣ ಜಾತಿಯ ಹಕ್ಕಿ ಅಪಾಯದ ಸಂದರ್ಭದಲ್ಲಿ ಇತರ ಪ್ರಾಣಿಗಳ ಎಚ್ಚರಿಕೆಯ ಕರೆಗಳನ್ನೂ, ಬೇರೆ ಸಮಯದಲ್ಲಿ ಇತರ ಹಕ್ಕಿಗಳ ಸಾಮಾನ್ಯ ದನಿಗಳನ್ನೂ ಅನುಕರಿಸುತ್ತದೆ. ಅನುಕರಣೆಗೆ ಮನಸೋತು ಬೇರೆ ಪ್ರಭೇದದ ಹಕ್ಕಿಗಳು ಅದರ ಬಳಿ ಕೂಡುತ್ತವೆ. ಮೇಯುವ ಗುಂಪು ಏರ್ಪಡುತ್ತದೆ. ಮಲೆನಾಡಿನ ಕಾಮಾಳ್ಳಿಯ ಕಥೆ ಇದಕ್ಕೆ ವಿರುದ್ಧ. ಪಂಜರದಲ್ಲಿ ಮನುಷ್ಯನ ಮಾತನ್ನು ಅಷ್ಟು ಚೆನ್ನಾಗಿ ಅನುಕರಿಸುವ ಕಾಮಾಳ್ಳಿ ಜಾತಿ ಕಾಡಿನಲ್ಲಿ ಬೇರೆ ಪ್ರಭೇದವನ್ನು ಅನುಕರಿಸುವುದೇ ಇಲ್ಲ. ನೆರೆಯ ಸ್ವಲಿಂಗಿ ಹಕ್ಕಿಗಳಿಂದ ಮಾತ್ರ ಕರೆಗಳನ್ನು ಕಲಿಯುತ್ತದೆ ಎಂದು ಬ್ರಯನ್ ಬರ್ಟ್ರಮ್ ಅಸ್ಸಾಮಿನ ಅಧ್ಯಯನದಿಂದ 1970ರಲ್ಲಿ ತಿಳಿಸಿದರು. ಸಂಗಡಿಗರಿಲ್ಲದ ಪಂಜರದಲ್ಲಿ ಆ ಕಲಿಕೆ ಮನುಷ್ಯನ ಕಡೆಗೆ ತಿರುಗುತ್ತದೆ ಎಂದು ತಿಳಿಯಬಹುದು. ದೇಶೀಯ ಕಾಡುಹಕ್ಕಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.

ಪಶ್ಚಿಮ ಘಟ್ಟದ ಎತ್ತರದ ಶೋಲಾ ಕಾಡುಗಳಲ್ಲಿ ವಿ. ವಿ. ರಾಬಿನ್, ಚೇತನಾ ಪುರುಷೋತ್ತಮ್, ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮೊದಲಾದವರು ಶೋಲಾಕಿಳಿ ಎಂಬ ಪುಟ್ಟ ನೀಲಿ ಹಕ್ಕಿಯ ಹಾಡನ್ನು ಅಧ್ಯಯನ ಮಾಡಿದರು. ಈ ಹಕ್ಕಿಗಳಿಗೆ ಪ್ರತಿಯೊಂದು ಶಿಖರವೂ ಒಂದು ದ್ವೀಪ. ನಡುವಿನ ತಗ್ಗನ್ನು ಅವು ದಾಟುವುದು ಅಪರೂಪ. ಆದ್ದರಿಂದ ಬೆಟ್ಟದಿಂದ ಬೆಟ್ಟಕ್ಕೆ ಹಾಡು ಬೇರೆಯಾಗಿದೆ. ಲಕ್ಷಾಂತರ ವರ್ಷಗಳ ಹಿಂದೆಯೇ ಬೇರ್ಪಟ್ಟ ಗುಂಪುಗಳಲ್ಲಿ ಹಾಡು ಒಂದು ಬಗೆಯಲ್ಲಿ ಬದಲಾಗಿದ್ದರೆ, ಮನುಷ್ಯರು ಕಾಡು ಕಡಿದದ್ದರಿಂದ ಈಚೆಗೆ ಬೇರ್ಪಟ್ಟ ಗುಂಪುಗಳಲ್ಲಿ ಮತ್ತೊಂದು ಬಗೆಯಲ್ಲಿ ಬದಲಾಗಿದೆ ಎಂದು 2016ರ ಪ್ರಬಂಧವೊಂದು ವರದಿ ಮಾಡಿತು. ಕಾಡಿನ ವಿಚ್ಛೇದ ವಂಶವಾಹಿಯಲ್ಲಿ ಕಾಣುವ ಮೊದಲೇ ಹಾಡಿನಲ್ಲಿ ಕೇಳಿಸಬಹುದು ಎಂಬುದು ಇದರ ಮಹತ್ತ್ವ. 2017ರಲ್ಲಿ ಈ ಹಕ್ಕಿಗಳಿಗೆ ಶೋಲಿಕೋಲ ಎಂಬ ಹೊಸ ಕುಲನಾಮ ನೀಡಲಾಯಿತು. ಪಾಲಕ್ಕಾಡು ಕಣಿವೆಯ ಉತ್ತರಕ್ಕಿರುವ ಪ್ರಭೇದ ನೀಲಗಿರಿಯಿಂದ ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಯವರೆಗೆ ಹರಡಿದೆ.

ಗದ್ದಲ ಮತ್ತು ಹಾಡಿನ ಅಳಿವು

ನೆದರ್‌ಲೆಂಡ್ಸಿನ ಲೈಡನ್ ನಗರದಲ್ಲಿ ವಾಹನಗಳ ಸದ್ದು ಹೆಚ್ಚಿರುವ ಕಡೆ ಗ್ರೇಟ್ ಟಿಟ್ ಹಕ್ಕಿಗಳು ಮೇಲುಶ್ರುತಿಯಲ್ಲಿ ಹಾಡುತ್ತವೆ ಎಂದು 2003ರಲ್ಲಿ ಹಾನ್ಸ್ ಸ್ಲಾಬೆಕೋರ್ನ್ ಮತ್ತು ಮಾರ್ಗ್ರೀಟ್ ಪೀಟ್ ಪ್ರಕಟಿಸಿದರು. ಕೆಳಶ್ರುತಿಯ ಸ್ವರಗಳು ಸಂಚಾರದ ಮೊರೆತದಲ್ಲಿ ಮುಳುಗುವುದೇ ಇದರ ಕಾರಣ. 2020ರ ಕೋವಿಡ್ ದಿಗ್ಬಂಧನದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ರಸ್ತೆಗಳು ನಿಶ್ಶಬ್ದವಾದಾಗ ಅಲ್ಲಿಯ ಬಿಳಿಕಿರೀಟದ ಗುಬ್ಬಿಗಳು ದನಿಯನ್ನು ತಗ್ಗಿಸಿ ಹಾಡಿದವು. ಆದರೂ ಅವುಗಳ ಹಾಡು ಹೆಚ್ಚು ದೂರ ಕೇಳಿಸುತ್ತಿತ್ತು.

ಇದಕ್ಕಿಂತ ಕಳವಳಕಾರಿಯಾದುದು ಆಸ್ಟ್ರೇಲಿಯದ ರೀಜೆಂಟ್ ಹನಿಈಟರ್ ಎಂಬ ಹಕ್ಕಿಯ ಪ್ರಕರಣ. ಒಂದು ಕಾಲಕ್ಕೆ ದೊಡ್ಡ ಹಿಂಡುಗಳಲ್ಲಿ ಇದ್ದ ಈ ಹಕ್ಕಿ ಈಗ ಕೆಲವೇ ನೂರರ ಸಂಖ್ಯೆಗೆ ಇಳಿದಿದೆ. ವಿರಳವಾಗಿ ಚದುರಿದ ನೆಲೆಗಳಲ್ಲಿ ಮರಿಗಂಡುಗಳಿಗೆ ತಮ್ಮ ಕುಲದ ಹಿರಿಯ ಗಾಯಕರು ಸಿಗುವುದಿಲ್ಲ. ರಾಸ್ ಕ್ರೇಟ್ಸ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡುಗಳ ಪೈಕಿ 12 ಶೇಕಡ ತಮ್ಮ ಹಾಡನ್ನು ಹಾಡುತ್ತಲೇ ಇರಲಿಲ್ಲ; ಬೇರೆ ಪ್ರಭೇದಗಳ ಹಾಡನ್ನು ಕಲಿತಿದ್ದವು. ತನ್ನವರ ಭಾಷೆ ಬಾರದ ಗಂಡಿಗೆ ಹೆಣ್ಣು ಒಲಿಯುವುದು ಕಷ್ಟ. ಸಂಖ್ಯೆ ಮತ್ತಷ್ಟು ಕುಗ್ಗುತ್ತದೆ. ಇದನ್ನು ತಡೆಯಲು ಸಾಕುಕೇಂದ್ರಗಳಲ್ಲಿ ಬೆಳೆಸುವ ಮರಿಗಳಿಗೆ ಮುದ್ರಿತ ಹಾಡನ್ನು ಕೇಳಿಸಿ, ಹಾಡಬಲ್ಲ ಹಿರಿಯ ಹಕ್ಕಿಗಳೊಡನೆ ಇರಿಸಿ ಪಾಠ ಹೇಳಿಸುವ ಪ್ರಯತ್ನ ನಡೆದಿದೆ.

ಧ್ವನಿಸಂಗ್ರಹಗಳು

2005ರಲ್ಲಿ ಆರಂಭವಾದ ಕ್ಸೆನೊ-ಕ್ಯಾಂಟೊ ಎಂಬ ಮುಕ್ತ ಸಂಗ್ರಹದಲ್ಲಿ ಜಗತ್ತಿನ ಹವ್ಯಾಸಿಗಳು ಮುದ್ರಿಸಿದ ಹಕ್ಕಿದನಿಗಳು ಎಲ್ಲರಿಗೂ ದೊರೆಯುತ್ತವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮೆಕಾಲೆ ಗ್ರಂಥಾಲಯವೂ ಇಂಥದೇ ದೊಡ್ಡ ಸಂಗ್ರಹ. ಇ-ಬರ್ಡ್ ಮೂಲಕ ಭಾರತದ ವೀಕ್ಷಕರೂ ಅದಕ್ಕೆ ಧ್ವನಿಗಳನ್ನು ಸೇರಿಸುತ್ತಾರೆ. ಮುದ್ರಣಕ್ಕೆ ಸಾಮಾನ್ಯ ಮೊಬೈಲ್ ಫೋನ್ ಸಾಕಾಗುತ್ತದೆ. ದಿನಾಂಕ, ವೇಳೆ, ಸ್ಥಳ ಮತ್ತು ಹಕ್ಕಿ ಏನು ಮಾಡುತ್ತಿತ್ತು ಎಂಬ ಟಿಪ್ಪಣಿ ಜೊತೆಗಿದ್ದರೆ ಅದು ಸಂಶೋಧಕರಿಗೆ ಉಪಯುಕ್ತ. ಮುದ್ರಿತ ಹಾಡನ್ನು ಹಕ್ಕಿಯ ನೆಲೆಯಲ್ಲಿ ಮತ್ತೆ ಮತ್ತೆ ನುಡಿಸಿ ಅದನ್ನು ಹೊರಗೆ ಬರಿಸುವ ಅಭ್ಯಾಸ ಛಾಯಾಗ್ರಾಹಕರಲ್ಲಿ ಬೆಳೆದಿದೆ. ನೆಲೆಗೆ ಎದುರಾಳಿ ನುಗ್ಗಿದ್ದಾನೆಂದು ಭಾವಿಸಿ ಗಂಡು ಗೂಡನ್ನೂ ಮೇವನ್ನೂ ಬಿಟ್ಟು ಇಲ್ಲದ ವೈರಿಯನ್ನು ಹುಡುಕುವುದರಿಂದ, ಗೂಡು ಕಟ್ಟುವ ಋತುವಿನಲ್ಲಿ ಹೀಗೆ ಮಾಡಬಾರದೆಂದು ಪಕ್ಷಿತಜ್ಞರು ಸೂಚಿಸುತ್ತಾರೆ.